ಭೀಮನ ಬಾಣಂತನ

ಐವತ್ತೆಂಟನೇ ಇಸವಿಯ ಸುಮಾರಿಗೆ ಶಿಕಾರಿಪುರದ ಸಂತೆಯಲ್ಲಿ ಒಂದು ಮೊಲ ಕೊಂಡೆ. ಮಾರಿದ ಸಾಹೇಬರು "ಗಂಡೇ ರೀ, ಅನುಮಾನ ಬೇಡ" ಅಂದಿದ್ದರಿಂದ ಭೀಮ ಅಂತ ಹೆಸರಿಟ್ಟು ಸೊರಬದ ನನ್ನ ಬಾಡಿಗೆ ಕೋಣೆಗೆ ತಂದೆ.

ಒಂದು ಬೆಳಿಗ್ಗೆ ನೋಡಿದರೆ ಭೀಮ ತನ್ನ ಎದೆಯ ತುಪ್ಪಳವನ್ನೇ ಕಿತ್ತು ಕಿತ್ತು ಬುಟ್ಟಿಯೊಳಗೆ ಹಾಸುತ್ತಿದ್ದ. ಕಜ್ಜಿಯೇನೋ ಅಂತ ಗಾಬರಿಯಾಗಿ ಮನೆಯೊಡತಿ ಗೌರಮ್ಮನವರನ್ನು ಕರೆದೆ.

ಅವರು ಇಣುಕಿ ನೋಡಿ ನಕ್ಕರು. "ಕಜ್ಜಿಯಲ್ಲ ಮಾರಾಯ್ರೇ, ಮರಿಗಳಿಗೆ ಹಾಸಿಗೆ. ನಡೀರಿ ಹೊರಗೆ, ಬಾಣಂತಿ ಕೋಣೆಗೆ ಗಂಡಸರು ಬರಬಾರದು."

"ಕೋಣೆ ನಂದಲ್ವೇನ್ರೀ?"

"ಸದ್ಯಕ್ಕಲ್ಲ" ಅಂದವರೇ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು.

ಸಂಜೆ ಜಗಲಿಯಿಂದಲೇ ಕೂಗಿದೆ, "ಮರಿಗಳು ಯಾವ ಬಣ್ಣ?"

"ಮೈಮೇಲೆ ಒಂದು ಕೂದಲೂ ಇಲ್ಲ, ಬಣ್ಣ ಎಲ್ಲಿಂದ ಹೇಳಲಿ? ಭೀಮ ಮಾತ್ರ ಚೆನ್ನಾಗಿ ಹಾಲು ಕುಡಿಸ್ತಿದಾನೆ!"

ಹೆತ್ತ ಭೀಮ ಒಳಗೆ ಬೆಚ್ಚಗಿದ್ದ. ನಾನು ಹೊರಗೆ ಸೊಳ್ಳೆ ಹೊಡೆಯುತ್ತಾ ಕೂತಿದ್ದೆ.