ಮುನ್ನೂರ ಹನ್ನೆರಡನೆಯ ಚಿಟ್ಟೆ

ನಾನು ಮದುವೆಯಾಗಿ ಹೋದ ಮನೆ ಮೆಟ್ಟುಪಾಳ್ಯದ ಹತ್ತಿರ, ನೇಕಾರರ ಬೀದಿಯಲ್ಲಿತ್ತು. ಎಂಬತ್ತರ ದಶಕದ ನಡುವಿನ ಮಾತು. ಬೀದಿಯ ಎಲ್ಲ ಮನೆಗಳೊಳಗೂ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡವನ್ನು ಓದಬಲ್ಲವರು ಅಲ್ಲಿ ಒಬ್ಬರೂ ಇರಲಿಲ್ಲ. ನಾನು ಹೋದ ಮೇಲೆ ಒಬ್ಬರು ಇದ್ದಂತಾಯಿತು. ಮೈಸೂರು ಕಡೆಯವಳು, ಅಕ್ಷರ ಬಲ್ಲವಳು, ಕಂಡದ್ದನ್ನು ಕಂಡ ಹಾಗೇ ಹೇಳುವವಳು ಎಂದು ನನಗೆ ಹೆಸರು ಬಂತು. ಈ ಮೂರನೆಯ ಗುಣದಿಂದ ಆದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮನೆಯಲ್ಲಿ ಎರಡು ಕುಣಿಮಗ್ಗಗಳಿದ್ದವು. ಅವರು ಮಗ್ಗಕ್ಕೆ ತರಿ ಎನ್ನುತ್ತಿದ್ದರು. ಒಂದರಲ್ಲಿ ನನ್ನ ಗಂಡ, ಇನ್ನೊಂದರಲ್ಲಿ ಮಾವ. ನಾನು ಹೋದ ಎರಡನೆಯ ವರ್ಷ ಮಾವ ನೇಯ್ದ ಕೆನೆಬಣ್ಣದ ಒಂದು ರೇಷ್ಮೆ ಸೀರೆ ಅಂಗಡಿಯಿಂದ ವಾಪಸು ಬಂತು. ಹಾಸಿನಲ್ಲಿ, ಎಂದರೆ ಉದ್ದಕ್ಕೆ ಬಿಗಿದ ನೂಲುಗಳಲ್ಲಿ, ಒಂದು ಎಳೆ ಕಡಿದಿತ್ತು. ಅದು ಕಡಿದಿದೆ ಎಂದು ಮಾವನಿಗೆ ಗೊತ್ತಾಗುವ ಹೊತ್ತಿಗೆ ಒಂದು ಮೊಳ ನೇಯ್ದಾಗಿತ್ತು. ನಿಜ ಹೇಳಬೇಕೆಂದರೆ ಆಗಲೂ ಗೊತ್ತಾಗಿರಲಿಲ್ಲ, ಅಂಗಡಿಯವರು ಹೇಳಿದ ಮೇಲೆ ಗೊತ್ತಾಯಿತು.

"ಅಪ್ಪಾ, ನಿಮ್ಗೆ ಕಣ್ಣು ಕಾಣಲ್ಲ" ಎಂದರು ಗಂಡ.

"ಕಾಣುತ್ತೆ" ಎಂದರು ಮಾವ.

ಮಾರನೆಯ ದಿನದಿಂದ ಮಾವ ಕುಣಿಗೆ ಇಳಿಯಲಿಲ್ಲ. ಯಾರೂ ಬೇಡ ಎನ್ನಲಿಲ್ಲ. ಅವರು ಕಾಫಿ ಕುಡಿದು ಏಳುವಷ್ಟರಲ್ಲಿ ಅವರ ಮಗ್ಗದ ಮೇಲೆ ಹಳೆಯ ಚಾಪೆ ಹೊದಿಸಿತ್ತು, ಅಷ್ಟೇ. ಹೊದಿಸಿದವರು ಯಾರು ಎಂದು ಅವರು ಕೇಳಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು. ಐವತ್ತು ವರ್ಷ ಕಾಲು ಇಳಿಬಿಟ್ಟು ಕೂತು ಅಭ್ಯಾಸವಾದವರಿಗೆ ಮಟ್ಟಸ ನೆಲದ ಮೇಲೆ ಕೂರಲು ಬರುವುದಿಲ್ಲ.

ಹಿತ್ತಲು ದೊಡ್ಡದೇನಲ್ಲ. ಬಾವಿ, ಬಾಳೆ, ಒಂದು ತೆಂಗು, ಎರಡು ದಾಸವಾಳ. ಬೇಲಿಯುದ್ದಕ್ಕೂ ಹಳದಿ ಹೂವಿನ ಒಂದು ಜಾತಿಯ ಗಿಡ, ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಿಗಿಲಿ ಎನ್ನುತ್ತದಲ್ಲ, ಅದು. ಪಡುವಣ ದಿಕ್ಕಿಗೆ ನೀಲಗಿರಿ ಗೋಡೆಯ ಹಾಗೆ ನಿಂತಿತ್ತು. ತೇನ್‌ಚಿಟ್ಟು ಎಂದು ಅವರು ಕರೆಯುತ್ತಿದ್ದ ಹೆಬ್ಬೆರಳ ಗಾತ್ರದ ಹಕ್ಕಿ ವರ್ಷವಿಡೀ ಬಾಳೆಯ ಮೂತಿಯಲ್ಲಿ ಜೇನು ಹೀರಿಕೊಂಡಿರುತ್ತಿತ್ತು. ಚಿಟ್ಟೆಗಳು ಮಾತ್ರ ಐಪ್ಪಸಿಯಲ್ಲಿ ಬರುತ್ತಿದ್ದವು. ನಮ್ಮ ಕಡೆ ದೀಪಾವಳಿಯ ಆಸುಪಾಸಿನ ತಿಂಗಳು ಅದು. ಮಳೆ ಎರಡು ದಿನ ಸುರಿದು ಬಿಸಿಲು ಬಿದ್ದ ಬೆಳಿಗ್ಗೆ ಮೂಡಣದ ಬಯಲಿನಿಂದ ಹೊರಟು, ಮನೆ ಮರ ಏನು ಅಡ್ಡ ಬಂದರೂ ಸುತ್ತಿ ಹೋಗದೆ ಮೇಲೇರಿ ಇಳಿದು, ಬೆಟ್ಟದ ಕಡೆಗೆ ಹೋಗುತ್ತಿದ್ದವು. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಚುಕ್ಕಿಯವು ಹೆಚ್ಚು, ಬರೀ ಕಂದು ಬಣ್ಣದವು ಕಡಿಮೆ. ಮೋಡ ಮುಚ್ಚಿದರೆ ಎಲ್ಲವೂ ಆ ಗಿಲಿಗಿಲಿ ಗಿಡಗಳ ಮೇಲೆ ಇಳಿಯುತ್ತಿದ್ದವು. ಹೂವಿಗಿಂತ ಒಣಗಿದ ಕಡ್ಡಿಗೇ ಹೆಚ್ಚು ಮುತ್ತುತ್ತಿದ್ದವು. ಯಾಕೆಂದು ನನಗೆ ತಿಳಿಯದು. ಬಿಸಿಲು ಬಂದರೆ ಮತ್ತೆ ಹೊರಡುತ್ತಿದ್ದವು.

ಒಂದು ಸಂಜೆ ಮಾವ ಊಟಕ್ಕೆ ಕುಳಿತು, "ಇವತ್ತು ಇನ್ನೂರಕ್ಕೆ ಮೇಲೆ ಹೋಯ್ತು" ಎಂದರು.

"ಯಾವುದು?" ಎಂದರು ಅತ್ತೆ.

"ಚಿಟ್ಟೆ."

ಗಂಡ ನಕ್ಕರು. "ಎಳೆ ಕಾಣಲ್ಲ, ಚಿಟ್ಟೆ ಕಾಣುತ್ತಾ?"

"ಎಣಿಸಿದೀನಿ."

"ಸರಿ, ನಾಳೆ ಎಣಿಸಿ. ಇವಳೂ ಎಣಿಸಲಿ. ಎರಡೂ ಹೊಂದಿದ್ರೆ ತರಿಗೆ ಇಳೀರಿ. ನಾನೇ ಚಾಪೆ ತೆಗೀತೀನಿ."

ತಮಾಷೆಗೆ ಹೇಳಿದ ಮಾತು. ಮಾವ ತಮಾಷೆಗೆ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಣಿ, ಬೇಗ ಕೆಲಸ ಮುಗಿಸಿಕೋ" ಎಂದರು. ಆ ಕಡೆ ಹೆಣ್ಣುಮಕ್ಕಳನ್ನೆಲ್ಲ ಹಾಗೆ ಕರೆಯುತ್ತಾರೆ. ಮಾವ ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

ಬೆಳಿಗ್ಗೆ ಅತ್ತೆ, ಮಾವನ ಎಂಟು ಮೊಳದ ಬಿಳಿ ವೇಷ್ಟಿಯನ್ನು, ಎಂದರೆ ಪಂಚೆಯನ್ನು, ಒಗೆದು ತಂತಿಯ ಮೇಲೆ ಅಗಲಕ್ಕೆ ಹರವಿದ್ದರು. ತಂತಿ ತೆಂಗಿನ ಮರದಿಂದ ಬಾವಿಯ ಕಂಬದವರೆಗೆ, ಬಡಗಣದಿಂದ ತೆಂಕಣಕ್ಕೆ ಇತ್ತು. ವೇಷ್ಟಿಯ ಮೇಲಿಂದ ಹಾದುಹೋದದ್ದು ಮಾತ್ರ ಲೆಕ್ಕ, ಆಚೀಚೆ ಹೋದದ್ದು ಲೆಕ್ಕಕ್ಕಿಲ್ಲ ಎಂದು ಮಾವ ನಿಯಮ ಮಾಡಿದರು. ನ್ಯಾಯವಾದ ನಿಯಮ ಎನಿಸಿತು. ನಾನು ಮೆಟ್ಟಿಲ ಮೇಲೆ ಮೂಡಣಕ್ಕೆ ಮುಖ ಮಾಡಿ ಕುಳಿತು, ಬರುವ ಚಿಟ್ಟೆಗಳನ್ನು ನೋಡುತ್ತ, ಅವು ತಂತಿ ದಾಟುವವರೆಗೆ ತಲೆ ತಿರುಗಿಸುತ್ತ, ಕಾಗದದ ಮೇಲೆ ಐದೈದು ಗೀಟು ಎಳೆದೆ. ಮಾವ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಸೂರ್ಯನಿಗೆ ಬೆನ್ನು ಕೊಟ್ಟು ಕೂತರು. ಅವರ ತೊಡೆಯ ಮೇಲೆ ಒಂದು ಕೆಂಪು ನೂಲಿತ್ತು. ಹಾಸಿನ ಎಳೆ ಎಣಿಸುವಾಗ ಮಾಡುತ್ತಿದ್ದ ಹಾಗೆಯೇ ನೂರಾದ ಕೂಡಲೇ ಅದಕ್ಕೊಂದು ಗಂಟು ಹಾಕಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದರು. ಬಾಯಿ ಅಲ್ಲಾಡುತ್ತಿರಲಿಲ್ಲ.

ಚಿಟ್ಟೆಗಳು ಒಂದೊಂದಾಗಿ, ಕೆಲವೊಮ್ಮೆ ಮೂರು ನಾಲ್ಕು ಒಟ್ಟಿಗೆ ಬಂದವು. ತೇನ್‌ಚಿಟ್ಟು ಎರಡು ಸಲ ದಾಸವಾಳದಿಂದ ಬಾಳೆಗೆ ವೇಷ್ಟಿ ದಾಟಿಕೊಂಡೇ ಹೋಯಿತು.

"ಹಕ್ಕಿ ಸೇರಿಸಬೇಡಿ ಮಾವ" ಎಂದೆ.

"ಸೇರಿಸಿಲ್ಲ. ಅದರ ರೆಕ್ಕೆ ನಡುಗುತ್ತೆ. ಇದು ಮಡಚಿ ಬಿಡಿಸುತ್ತೆ."

ಇನ್ನೂರು ದಾಟಿತು, ಮುನ್ನೂರು ದಾಟಿತು. ಆಗ ಅತ್ತೆ ಹಿತ್ತಲಿಗೆ ಬಂದರು. ವೇಷ್ಟಿಯನ್ನು ಮುಟ್ಟಿ ನೋಡಿ, ಎಳೆಯಲು ಕೈ ಹಾಕಿದರು.

"ಇರಲಿ ಬಿಡು" ಎಂದರು ಮಾವ.

"ಒಣಗಿದೆ."

"ಇನ್ನೊಂಚೂರು ಒಣಗಲಿ."

"ಒಣಗಿದ್ದನ್ನ ಎಷ್ಟು ಅಂತ ಒಣಗಿಸೋದು? ಅಪ್ಪಳ ಆಗಬೇಕಾ?"

ನಾನು ತಿರುಗಿ ಅವರಿಬ್ಬರನ್ನು ನೋಡಿದೆ. ಎಷ್ಟು ಹೊತ್ತು ನೋಡಿದೆ, ಅಷ್ಟರಲ್ಲಿ ತಂತಿ ದಾಟಿದ್ದು ಏನಾದರೂ ಇತ್ತೇ ಎಂದು ಹೇಳಲಾರೆ. ಅತ್ತೆ ವೇಷ್ಟಿ ಎಳೆದುಕೊಂಡು ಒಳಗೆ ಹೋದರು. ಮಾವ ನೂಲನ್ನು ಬೆರಳಿಗೆ ಸುತ್ತಿ, "ಮುಗೀತು" ಎಂದರು.

ಮುಗಿದಿರಲಿಲ್ಲ. ಬರಿ ತಂತಿಯ ಮೇಲಿಂದ ಒಂದು, ಅದರ ಹಿಂದೆ ಎರಡು, ಮತ್ತೊಂದು, ಮಾವನ ತಲೆಯಿಂದ ಒಂದು ಗೇಣು ಮೇಲೆ ಹಾದುಹೋದವು. ಮಾವ ಮುಖ ಎತ್ತಲಿಲ್ಲ. ಬೆಳಗಿನಿಂದಲೂ ಅವರು ಮುಖ ಎತ್ತಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಅವರು ವೇಷ್ಟಿಯನ್ನೇ ನೋಡುತ್ತಿದ್ದರು. ಬೆನ್ನಿಗೆ ಬಿಸಿಲು, ಎದುರಿಗೆ ಬಿಳಿ ಬಟ್ಟೆ, ಅದರ ಮೇಲೆ ಬಂದುಬಂದು ಹೋಗುವ ನೆರಳು. ಅವರು ಎಣಿಸಿದ್ದು ಚಿಟ್ಟೆಗಳನ್ನಲ್ಲ.

ಕಾಗದವನ್ನು ಮಡಚಿ, ಬಿಚ್ಚಿ, ಗೀಟುಗಳನ್ನು ಮೂರು ಸಲ ಎಣಿಸಿದೆ.

ಮಧ್ಯಾಹ್ನ ಗಂಡ ಕೈ ತೊಳೆದು ಎಲೆಯ ಮುಂದೆ ಕುಳಿತರು. "ಎಷ್ಟು?" ಎಂದರು.

"ಮೂರು ಗಂಟು, ಮೇಲೆ ಹನ್ನೆರಡು" ಎಂದು ಮಾವ ನೂಲನ್ನು ಎಲೆಯ ಪಕ್ಕದಲ್ಲಿಟ್ಟರು.

"ನಿಂದು?"

"ಮುನ್ನೂರ ಹನ್ನೊಂದು" ಎಂದೆ.

ಗಂಡ ಅನ್ನಕ್ಕೆ ಹಾಕಿದ ಕೈಯನ್ನು ಹಾಗೇ ಇಟ್ಟುಕೊಂಡರು. ಅವರು ಇದನ್ನು ನಿರೀಕ್ಷಿಸಿರಲಿಲ್ಲ. "ಹಾಗಾದ್ರೆ ಅಪ್ಪನಿಗೆ ಕಾಣುತ್ತೆ" ಎಂದು ನನ್ನನ್ನು ನೋಡಿದರು. ಅದು ಪ್ರಶ್ನೆಯಾಗಿತ್ತೋ ಅಲ್ಲವೋ. ನಾನು ಸುಮ್ಮನೆ ಸಾರು ಬಡಿಸಬಹುದಿತ್ತು. ಎಣಿಕೆ ಕೇಳಿದ್ದರು, ಹೇಳಿದ್ದೆ. ಮಾವನ ಮಗ್ಗ ಮಾವನಿಗೆ ಸಿಗುತ್ತಿತ್ತು. ಮುಂದಿನ ಕೆನೆಬಣ್ಣದ ಸೀರೆಯೂ ಅಂಗಡಿಯಿಂದ ವಾಪಸು ಬರುತ್ತಿತ್ತು, ಆಮೇಲೆ ಚಾಪೆಯನ್ನು ಯಾರೂ ತೆಗೆಯುತ್ತಿರಲಿಲ್ಲ.

"ಎಣಿಕೆ ಸರಿ ಇದೆ" ಎಂದೆ. "ಆದರೆ ಮಾವ ನೋಡಿದ್ದು ಚಿಟ್ಟೆಗಳನ್ನಲ್ಲ. ವೇಷ್ಟಿಯ ಮೇಲೆ ಅವುಗಳ ನೆರಳು."

ಮಾವ ಮಜ್ಜಿಗೆ ಕಲಸಿಕೊಂಡು ಪೂರ್ತಿ ಉಂಡರು. ಎಲೆ ಮಡಚಿ ಹೇಳಿದರು, "ನೆರಳು ನೋಡೋಕೆ ಬೇರೆ ಕಣ್ಣು ಅದಾ ನನಗೆ?"

ಉತ್ತರ ಅತ್ತೆಯಿಂದ ಬಂತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು, ಹುಣಸೆಹಣ್ಣಿನ ಬೆಲೆಯ ಮಾತಾಡುವ ದನಿಯಲ್ಲಿ, "ಬಿಳಿ ಮೇಲೆ ಕಪ್ಪು ಕಾಣುತ್ತೆ ಅಂತಾಯ್ತಲ್ಲ. ಕಪ್ಪು ಪಾವು ಹಾಕಿಕೊಡು, ಕೆಳಗೆ ವೇಷ್ಟಿ ಹಾಸು" ಎಂದರು. ಪಾವು ಎಂದರೆ ಮಗ್ಗದ ಹಾಸು.

ಗಂಡ ಎರಡು ದಿನ ಯೋಚಿಸಿದರು. ಮೂರನೆಯ ದಿನ ಚಾಪೆ ತೆಗೆದು, ಕಡುನೀಲಿ ಹತ್ತಿಯ ಹಾಸು ಬಿಗಿದರು. ರೇಷ್ಮೆ ಕೊಡಲಿಲ್ಲ. ಹಾಸಿನ ಅಡಿಯಲ್ಲಿ, ಕುಣಿಯ ಬಾಯಿಗೆ ಅಡ್ಡಲಾಗಿ, ಅತ್ತೆ ಆ ವೇಷ್ಟಿಯನ್ನು ಕಟ್ಟಿದರು. ಎಳೆ ಕಡಿದರೆ ನೀಲಿಯ ನಡುವೆ ಬಿಳಿ ಗೆರೆ ತೋರುತ್ತಿತ್ತು. ಮಾವ ಕುಣಿಗೆ ಇಳಿದು, ಕಾಲು ಇಳಿಬಿಟ್ಟು, ಲಾಳಿ ಎಸೆದರು.

ನನ್ನೊಡನೆ ಮಾತಾಡಲಿಲ್ಲ. ಮೊದಲೂ ಹೆಚ್ಚು ಮಾತಾಡುತ್ತಿರಲಿಲ್ಲವಾದ್ದರಿಂದ ಇದು ನನಗೆ ಗೊತ್ತಾಗಲು ನಾಲ್ಕೈದು ದಿನ ಬೇಕಾಯಿತು. ಚಿಟ್ಟೆಗಳು ಇನ್ನೊಂದು ವಾರ ಹೋದವು. ನಾನೊಬ್ಬಳೇ ನೋಡಿದೆ, ಎಣಿಸಲಿಲ್ಲ.

ಸೀರೆ ಮುಗಿದ ಬೆಳಿಗ್ಗೆ ಮಾವ ಅದನ್ನು ಮಡಚಿ ತಂದು ನನ್ನ ತೊಡೆಯ ಮೇಲೆ ಹಾಕಿದರು. "ನೋಡು. ಎಷ್ಟು ತಪ್ಪು ಅದೆ ಹೇಳು."

ಹಿತ್ತಲಿಗೆ ಹೋಗಿ ಅದೇ ತಂತಿಯ ಮೇಲೆ ಹರವಿ, ಬೆಳಕಿಗೆ ಹಿಡಿದು, ಗೇಣು ಗೇಣಾಗಿ ನೋಡಿದೆ. ಒಂದು ಗಂಟೆಯಾದರೂ ಹಿಡಿಯಿತು. ಸೆರಗಿನ ಹತ್ತಿರ ಒಂದು, ನಡುವೆ ಒಂದು. ಎರಡೂ ಸಣ್ಣವು, ಉಟ್ಟರೆ ಮಡಿಕೆಯಲ್ಲಿ ಮುಚ್ಚುವಂಥವು.

"ಎರಡು" ಎಂದೆ.

"ಮೂರು" ಎಂದರು ಮಾವ. "ಇನ್ನೊಂದು ಹುಡುಕು, ಅಮ್ಮಣಿ."

ಮತ್ತೆ ಮೊದಲಿನಿಂದ ನೋಡಿದೆ. ಅಂಚಿನಿಂದ ನಾಲ್ಕು ಬೆರಳು ಒಳಗೆ ಅದು ಸಿಕ್ಕಿತು. ಸಿಕ್ಕಿದ ಮೇಲೆ ಒಳಗೆ ಹೋಗಿ, ಪೆಟ್ಟಿಗೆಯಲ್ಲಿಟ್ಟಿದ್ದ ಗೀಟಿನ ಕಾಗದ ತೆಗೆದು, ಮುನ್ನೂರ ಹನ್ನೊಂದರ ಪಕ್ಕದಲ್ಲಿ ಇನ್ನೊಂದು ಗೀಟು ಎಳೆದೆ.