ಒಂದು ಮಾತು ಬಿಟ್ಟು ಎಲ್ಲ ಆಡುವ ಪಾರ್ಲರ್ ಅಕ್ಕ

ನಮ್ಮ ಬೀದಿಯ ಬ್ಯೂಟಿ ಪಾರ್ಲರಿನ ಅಕ್ಕನಿಗೆ ತಲೆ ಕೊಟ್ಟವರು ಕಿವಿಯನ್ನೂ ಕೊಡಲೇಬೇಕು. ಯಾರ ಸೊಸೆ ಮುನಿಸಿಕೊಂಡಿದ್ದಾಳೆ, ಯಾವ ಡಾಕ್ಟರ ಕೈಗುಣ ಚೆನ್ನ, ಎಲ್ಲದರಲ್ಲೂ ಅವಳ ಕತ್ತರಿಗಿಂತ ನಾಲಿಗೆ ಮುಂದು. ದೇವರ ವಿಷಯಕ್ಕೆ ಮಾತ್ರ ಬಾಯಿಗೆ ಬೀಗ. ಚರ್ಚಿನ ಹಾಡು ಗುನುಗುವಾಗ ಯಾರಾದರೂ "ಯಾವ ಹಾಡಕ್ಕಾ?" ಎಂದರೆ, "ಯಾವುದೋ ಹಳೇ ಸಿನಿಮಾದ್ದು" ಎಂದು ಡ್ರೈಯರ್ ಜೋರು ಮಾಡುತ್ತಾಳೆ. "ನಿಮ್ಮ ನಂಬಿಕೆಯನ್ನು ನಾಲ್ಕು ಜನಕ್ಕೆ ಹೇಳಿ" ಎಂದು ಪಾದ್ರಿಗಳು ಅಂದಾಗಲೆಲ್ಲ ಕೈಚೀಲದೊಳಗೆ ಏನೋ ಹುಡುಕುತ್ತಾಳೆ. ಮೊನ್ನೆ, ಕ್ಯಾನ್ಸರ್ ಚಿಕಿತ್ಸೆಯಿಂದ ಕೂದಲು ಉದುರುತ್ತಿದ್ದ ಟೀಚರ್ ಒಬ್ಬರು ತಲೆ ಬೋಳಿಸಿಕೊಳ್ಳಲು ಬಂದರು. "ನೀವು ಪ್ರಾರ್ಥನೆ ಮಾಡ್ತೀರಂತಲ್ಲ, ಭಯ ಆದಾಗ ನಿಮ್ಮ ದೇವರು ಏನಂತಾನೆ?" ಎಂದು ಮೆಲ್ಲಗೆ ಕೇಳಿದರು. "ಕೂದಲು ಬೇಗ ಬೆಳೆಯುತ್ತೆ ಬಿಡಿ ಮೇಡಂ" ಎಂದಳು ಅಕ್ಕ. ಕೆಲಸ ಮುಗಿದ ಮೇಲೆ ಅವರು ಬೋಳು ತಲೆಗೆ ಬಟ್ಟೆ ಸುತ್ತಿಕೊಂಡು ಹೊರಟರು. ಆ ಕೂದಲು ಗುಡಿಸಲು ಬಗ್ಗಿದ ಅಕ್ಕ ಅಲ್ಲೇ ಕೂತುಬಿಟ್ಟಳು. ನಾಚಿಕೆಯಿಂದ ಕನ್ನಡಿಯತ್ತ ಮುಖವೆತ್ತಲಾಗಲಿಲ್ಲ. "ಕರ್ತನೇ, ನಂಗೆ ಮಾತು ಬರ್ತಿಲ್ಲ, ನೀನೇ ಕೊಡು" ಎಂದವಳೇ, ತಲೆಗೆ ಬಣ್ಣ ಬಳಿಸಿಕೊಂಡು ಕೂತಿದ್ದ ನನ್ನನ್ನೂ ಬಿಟ್ಟು ಎದುರಿನ ಬಸ್ ಸ್ಟಾಪಿಗೆ ಓಡಿದಳು. ಅವಳ ದನಿ ನನಗೆ ಇಲ್ಲಿಗೇ ಕೇಳಿಸಿತು: "ಮೇಡಂ, ಆಗ ಹೆದರಿ ಬಾಯಿ ಮುಚ್ಕೊಂಡೆ. 'ನಾನಿದ್ದೀನಿ' ಅಂತಾನೆ ಅವನು. ನನ್ನ ಗಂಡ ತೀರಿಹೋದ ದಿನಾನೂ ಅದನ್ನೇ ಅಂದ. ಅಷ್ಟೇ ನಂಗೆ ಗೊತ್ತಿರೋದು." ಬಸ್ಸು ಬಂದು ಹೋಯಿತು. ಟೀಚರ್ ಅದನ್ನು ಹತ್ತಿರಲಿಲ್ಲ, ಬೆಂಚಿನ ಮೇಲಿನ ಚೀಲವನ್ನು ತೊಡೆಗೆಳೆದುಕೊಂಡು ಅಕ್ಕನಿಗೆ ಜಾಗ ಮಾಡಿಕೊಡುತ್ತಿದ್ದರು.