ಬೆನ್ನು ನೋಡುವ ಮುತ್ಯಾಲಮ್ಮ

ಬಂಗಾರಪೇಟೆಯ ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ಕಡಸನ್ನು ಪಾಲಿಗೆ ಕೊಡುವುದಿದ್ದರೆ ಮೊದಲು ಮುತ್ಯಾಲಮ್ಮನ ಬಾಗಿಲಿಗೆ ಬರುತ್ತಿದ್ದರು. ಪಾಲಿಗೆ ಕೊಡುವುದೆಂದರೆ ನಮ್ಮ ಕಡಸು ಬೇರೆಯವರ ಕೊಟ್ಟಿಗೆಯಲ್ಲಿ ಬೆಳೆಯುತ್ತದೆ. ಮೇಯಿಸಿ ಮೈತೊಳೆದು ಸಾಕುವುದು ಅವರ ಕೆಲಸ. ಹುಟ್ಟಿದ ಮೊದಲ ಕರು ಅವರಿಗೆ, ಹಸು ನಮಗೆ. ಒಮ್ಮೆ ಹಗ್ಗ ಕೈಗಿಟ್ಟು ಬಂದರೆ ಎರಡು ಮೂರು ವರ್ಷ ಅದು ಅವರ ಪಾಲಾಯಿತು. ಆದ್ದರಿಂದ ಕೊಟ್ಟಿಗೆ ಎಂಥದೆಂದು ಮೊದಲೇ ತಿಳಿಯಬೇಕು. ನೋಡಿ ಹೇಳುವವಳು ಮುತ್ಯಾಲಮ್ಮ.

ಅವಳು ಬರುತ್ತೇನೆಂದು ಯಾರಿಗೂ ಹೇಳಿ ಕಳಿಸಿದವಳಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ, ಮನೆಯವರು ಉಂಡು ತೂಕಡಿಸುವಾಗ, ಹಿತ್ತಲ ಕಡೆಯಿಂದ ನುಗ್ಗುತ್ತಿದ್ದಳು. ಗೋದಲಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಗೋದ್ಲಿ ತುಂಬ್ಸಕ್ಕೆ ಎಷ್ಟೊತ್ತು ಬೇಕು? ನಾನು ಬತ್ತೀನಿ ಅಂತ ಗೊತ್ತಾದ್ರೆ ಒಂದೊರೆ ಉಲ್ಲು ಸುರೀತಾರೆ. ಸೊಂಟದ ಮೂಳೆ ಮ್ಯಾಲಿನ ಉಣ್ಣು ಮುಚ್ಚಾಕ್ತಾರಾ?" ಎನ್ನುವಳು.

ಬೆನ್ನ ಮೇಲೆ ಕೈಯಾಡಿಸುವಳು. ಮಂಡಿ ನೋಡುವಳು. ನೀರಿನ ಬಾನಿ ಹಗ್ಗದ ಅಳತೆಗೆ ಸಿಗುತ್ತದೆಯೇ ಎಂದು ಹೆಜ್ಜೆ ಹಾಕಿ ಅಳೆಯುವಳು. ಇಷ್ಟಾದ ಮೇಲೆ ಮೂಲೆಯಲ್ಲಿ ಸುಮ್ಮನೆ ನಿಂತು, ಸಾಕುವವನು ಒಳಗೆ ಬರುವುದನ್ನೇ ಕಾಯುವಳು. ಅವನು ಬಂದಾಗ ಹಸು ಮೂತಿ ಮುಂದೆ ಚಾಚಿತೋ, ಹಿಂದೆ ಸರಿಯಿತೋ? ಅಲ್ಲಿಗೆ ಅವಳ ತೀರ್ಮಾನ ಮುಗಿಯಿತು.

ಮದುವೆಯಾದ ಹೊಸದರಲ್ಲಿ ತುಂಬಿದ ಗೋದಲಿಯೊಂದನ್ನು ನೋಡಿಯೇ ತವರಿನ ಕಡಸನ್ನು ಒಬ್ಬರಿಗೆ ಕೊಟ್ಟಿದ್ದಳು. ಅದು ಅಂಗೈಯಗಲ ಹುಣ್ಣು ಹೊತ್ತು ವಾಪಸ್ಸು ಬಂತು, ತಿಂಗಳೊಳಗೆ ಸತ್ತಿತು. ಅಂದಿನಿಂದ ಈ ಮೂರು ಗಂಟೆಯ ಕಾಯಿದೆ.

ಅವಳ ಗಂಡ ಮುನಿಶಾಮಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಯಲ್ಲಿ ಇಪ್ಪತ್ಮೂರು ವರ್ಷ ಬಂಡೆಗೆ ತೂತು ಕೊರೆದವನು. ವಾರಕ್ಕೊಮ್ಮೆ ರೈಲಿನಲ್ಲಿ ಊರಿಗೆ ಬಂದು, ಬೆಳ್ಳಗೆ ಪುಡಿ ಅಂಟಿದ ಅಂಗಿ ಒಗೆಯಲು ಕೊಟ್ಟು, ಎಮ್ಮೆಯ ಪಕ್ಕ ಕೂತು ಹರಟುತ್ತಿದ್ದ. ಆ ಪುಡಿ ಅಂಗಿಯಲ್ಲಿ ಎಷ್ಟಿತ್ತೋ ಎದೆಯಲ್ಲಿ ಅದರ ಹತ್ತುಪಟ್ಟು ಸೇರಿತ್ತು. ಎಂಬತ್ನಾಲ್ಕನೇ ಇಸವಿಯಲ್ಲಿ ಕೆಲಸ ಬಿಟ್ಟು ಬಂದಾಗ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಎರಡು ಸಲ ನಿಲ್ಲುತ್ತಿದ್ದ.

ಕಲ್ಲುಧೂಳು ಕುಡಿದ ಎದೆಯವರು ಅಂಗಾತ ಮಲಗಲಾರರು. ಗಣಿಯವರ ಹೆಂಡಂದಿರಿಗೆಲ್ಲ ಇದು ಗೊತ್ತು. ಮುತ್ಯಾಲಮ್ಮ ಒಂದು ಹಾಲಿನ ಕ್ಯಾನನ್ನು ಬೋರಲು ಹಾಕಿ, ಮೇಲೆ ಗೋಣಿತಾಟು ಮಡಿಸಿಟ್ಟು, ಗಂಡನ ಮುಂದಿಡುತ್ತಿದ್ದಳು. ಅವನು ಅದನ್ನು ತಬ್ಬಿ, ಹಣೆ ಊರಿ, ಕೂತೇ ನಿದ್ದೆಹೋಗುವನು. "ನನ್ನ ಎರಡನೇ ಎಂಡ್ರು ಇವ್ಳು," ಎಂದು ಕ್ಯಾನನ್ನು ತಟ್ಟುವನು. "ಬಾಯಿ ಮುಚ್ಕೊಂಡಿರ್ತಾಳೆ, ನಿನ್ನಂಗಲ್ಲ."

ಎಂಬತ್ತಾರರ ಬೇಸಿಗೆಗೆ ಕ್ಯಾನೂ ಸಾಲದಾಯಿತು. ಆಕ್ಸಿಜನ್ ಬೇಕಾಯಿತು. ಔಷಧಿಯ ಕೆಲಸ ಮುಗಿದಿದೆ, ಇನ್ನು ನೋವಿಲ್ಲದಂತೆ ನೋಡಿಕೊಳ್ಳುವುದಷ್ಟೇ ಎಂದು ವೈದ್ಯರು ಹೇಳಿದರು. ಉರಿಗಾಂನ ಹಳೆಯ ಬಂಗಲೆಯೊಂದರಲ್ಲಿ 'ಸಂಜೆನೆರಳು' ಎಂಬ ಮನೆಯಿದೆ. ವಾಸಿಯಾಗದವರನ್ನು ಕೊನೆಯವರೆಗೆ ನೋಡಿಕೊಳ್ಳುತ್ತಾರೆ, ಸಿಲಿಂಡರ್ ಇದೆ, ಹೋಗಿ ನೋಡಿ ಎಂದರು.

ಮೈದುನ ಅಶ್ವತ್ಥಪ್ಪನಿಗೆ ಅವಸರ. "ಅತ್ತಿಗೆ, ನಾಳೇನೇ ಸೇರ್ಸಿಬುಡಾನ. ಬಿಳೀ ಆಸಿಗೆ, ಫ್ಯಾನು, ಎಲ್ಲಾ ಐತಂತೆ."

"ಕರೂನೇ ನೋಡ್ದೆ ಕೊಡಲ್ಲ ನಾನು, ನಿಮ್ಮಣ್ಣನ್ನ ಕೊಡ್ತೀನೇನ್ಲಾ?"

ಭಾನುವಾರ ಇಬ್ಬರೂ ಬಂಗಾರಪೇಟೆಯಲ್ಲಿ ರೈಲು ಹತ್ತಿ ಉರಿಗಾಂನಲ್ಲಿ ಇಳಿದರು. ಭೇಟಿಗೆ ಗೊತ್ತುಮಾಡಿದ ಸಮಯ ಬೆಳಿಗ್ಗೆ ಹತ್ತು. ಮೇಲ್ವಿಚಾರಕ ಆದಿನಾರಾಯಣ ಇಸ್ತ್ರಿಯ ಅಂಗಿ ತೊಟ್ಟು ಬಾಗಿಲಲ್ಲೇ ಕೈಮುಗಿದ. ಮುಂದಿನ ಕೋಣೆಯಲ್ಲಿ ಆರು ಮಂಚ, ಹಾಲಿನಂಥ ಹಾಸಿಗೆ, ಹೂದಾನಿ, ಮೆಲ್ಲಗೆ ಭಜನೆ ಹಾಡುವ ರೇಡಿಯೋ. ಹೊರಡುವಾಗ ಆತ ದಪ್ಪ ಪುಸ್ತಕವೊಂದನ್ನು ಮುಂದೆ ಹಿಡಿದ.

"ಅಭಿಪ್ರಾಯ ಬರೆಸಿ, ಹೆಬ್ಬೆಟ್ಟು ಒತ್ತಿ ತಾಯಿ. ಬಂದವರೆಲ್ಲ ಬಹಳ ಚೆನ್ನಾಗಿದೆ ಅಂತ ಬರೆದಿದ್ದಾರೆ."

"ಒಬ್ಬರ ಬೆನ್ನು ತೋರ್ಸಿ ಸ್ವಾಮಿ."

"ಏನು?"

"ಬೆನ್ನು. ಮಗ್ಗುಲಿಗೆ ತಿರುಗ್ಸಿ, ನೋಡ್ತೀನಿ."

"ರೋಗಿಗಳನ್ನು ಮುಟ್ಟೋ ಹಾಗಿಲ್ಲಮ್ಮ."

"ಅಂಗಾದ್ರೆ ನಾನಿನ್ನೂ ಏನೂ ನೋಡಿಲ್ಲ," ಎಂದು ಪುಸ್ತಕವನ್ನು ಹಿಂದಕ್ಕೆ ತಳ್ಳಿದಳು.

ದಾರಿಯುದ್ದಕ್ಕೂ ಅಶ್ವತ್ಥಪ್ಪ ಗೊಣಗಿದ. "ದೊಡ್ಡೋರ ಮುಂದೆ ಮಾನ ಕಳೆದ್ಬುಟ್ಟೆ! ಅದೇನು ದನದ ಕೊಟ್ಟಿಗೆನಾ?"

"ದನದ ಕೊಟ್ಟಿಗೆ ಆಗಿದ್ರೆ ನಂಗಿಷ್ಟು ದಿಗಿಲಾಗ್ತಿರ್ಲಿಲ್ಲ ಕಣ್ಲಾ."

ಬುಧವಾರ ಒಬ್ಬಳೇ ಹೋದಳು. ಕೈಯಲ್ಲಿ ಮಜ್ಜಿಗೆಯ ಚೊಂಬು. ಚಿನ್ನ ತೆಗೆದು ಉಳಿದ ಪುಡಿ ಸುರಿದ ಸೈನೈಡ್ ದಿಬ್ಬದ ಧೂಳು ಬಿಸಿಲಿಗೆ ಕಣ್ಣು ಚುಚ್ಚುತ್ತಿದ್ದ ಮೂರರ ಹೊತ್ತಿಗೆ, ಬಂಗಲೆಯ ಹಿಂದಿನ ಒಗೆಯುವ ಕಲ್ಲಿನ ಬಳಿಯಿಂದ ಒಳಹೊಕ್ಕಳು. ಅಲ್ಲಿ ದಪ್ಪನೆಯ ಹೆಂಗಸೊಬ್ಬಳು ಹಾಸಿಗೆ ಬಟ್ಟೆ ಬಡಿಯುತ್ತ, ಕಿಟಕಿಯ ಒಳಗೆ ಯಾರನ್ನೋ ತಮಿಳಿನಲ್ಲಿ ಬೈಯುತ್ತಿದ್ದಳು. ಆಯಾ ಮಾರಿಯಮ್ಮ. ಸಾಯುವವರ ಮೇಲೆ ಇಂಥ ಬಾಯಿಯೇ ಎಂದು ಮುತ್ಯಾಲಮ್ಮನ ಮುಖ ಗಂಟಾಯಿತು. ಈ ಜಾಗ ಬೇಡವೆಂದು ಆಗಲೇ ಅರ್ಧ ತೀರ್ಮಾನಿಸಿಬಿಟ್ಟಳು.

ಹಿಂದಿನ ಕೋಣೆಯಲ್ಲಿ ಎರಡು ಮಂಚ. ಒಂದರಲ್ಲಿ ಆರುಮುಗಂ ಎಂಬ ಮುದುಕ, ಹಳೆಯ ಗಣಿ ಕೆಲಸಗಾರ, ಅಂಗಾತ ಮಲಗಿದ್ದ. ಎರಡೂ ಕೈಗಳನ್ನು ಬ್ಯಾಂಡೇಜಿನ ಪಟ್ಟಿಯಿಂದ ಮಂಚದ ಕಂಬಿಗೆ ಕಟ್ಟಲಾಗಿತ್ತು. ನೀರಿನ ಲೋಟ ಕಿಟಕಿಯ ಮೇಲೆ. ಎದೆ ಹಗ್ಗ ಜಗ್ಗಿದ ಹಾಗೆ ಮೇಲೇಳುತ್ತಿತ್ತು. ತುಟಿ ನೇರಳೆಯ ಬಣ್ಣಕ್ಕೆ ತಿರುಗಿತ್ತು.

ಮುತ್ಯಾಲಮ್ಮ ಚೊಂಬು ಕೆಳಗಿಟ್ಟು ಗಂಟು ಬಿಚ್ಚಿದಳು. ಮುದುಕನನ್ನು ಎತ್ತಿ ಕೂರಿಸಿ, ತನ್ನ ಹೆಗಲಿಗೆ ಅವನ ಹಣೆ ಒರಗಿಸಿಕೊಂಡಳು. ಉಸಿರು ತಹಬಂದಿಗೆ ಬಂದ ಮೇಲೆ ಎರಡು ಗುಟುಕು ಮಜ್ಜಿಗೆ ಕುಡಿಸಿದಳು. ಬೆನ್ನು ನೋಡಿದಳು. ಸೊಂಟದ ಮೇಲೆ ಕೆಂಪಗೆ ಒಂದು ಬಿಲ್ಲೆಯಷ್ಟು ಗಾಯ. ಆದರೆ ಯಾರೋ ತೊಳೆದು ಮುಲಾಮು ಹಚ್ಚಿದ್ದರು.

ಅಷ್ಟರಲ್ಲಿ ಮಾರಿಯಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಳು. "ಏನ್ ಪೆರಿಯವರೇ, ಯಾರೋ ಎಬ್ಬಿಸಿದ್ರೆ ಕುಡೀತೀರಾ, ನಾನು ಕೊಟ್ರೆ ಉಗೀತೀರಾ? ಬಾಯಿ ತೆರೀರಿ, ಗಂಜಿ ತಂದಿದೀನಿ!"

ಬೈಗುಳ ಕೇಳುತ್ತಲೇ ಆರುಮುಗಂ ಗದ್ದವನ್ನು ಮುಂದಕ್ಕೆ ಚಾಚಿದ, ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಮುತ್ಯಾಲಮ್ಮ ಅದನ್ನು ನೋಡಿದಳು. ತಾನು ಗೋದಲಿ ನೋಡಿ ಮೋಸಹೋದ ಹಾಗೆಯೇ ಈಗ ದನಿ ಕೇಳಿ ಮೋಸಹೋಗುತ್ತಿದ್ದೆ ಎಂದು ನಾಚಿಕೆಯಾಯಿತು.

"ಕೈ ಕಟ್ಟಿದ್ದು ನೀನಾ?"

"ನಾನಾ? ನಮ್ಮಪ್ಪ ಇದೇ ಧೂಳಲ್ಲಿ ಸತ್ತ, ಅಕ್ಕ. ಕೂತೇ ಸತ್ತ. ಬೆಳಿಗ್ಗೆ ನಾನು ತೊಳೆಯೋವಾಗ ಬಿಚ್ತೀನಿ, ಮಧ್ಯಾಹ್ನ ಮೇಲ್ವಿಚಾರಕರು ಬಂದು ಕಟ್ತಾರೆ. ಎದ್ದು ಕೂತ್ರೆ ಬೀಳ್ತಾರಂತೆ, ಹಾಸಿಗೆ ಸುಕ್ಕಾಗುತ್ತಂತೆ. ಅವರು ಕಟ್ಟಿದ್ಮೇಲೆ ಬಿಚ್ಚಿದ್ರೆ ಕೆಲಸ ಇಲ್ಲ ಅಂದಿದಾರೆ."

"ಡಾಕ್ಟ್ರಿಗೆ ಏಳ್ಲಿಲ್ವಾ?"

"ಡಾಕ್ಟರಮ್ಮ ಶುಕ್ರವಾರ ಹತ್ತಕ್ಕೆ ಬಂದು ಹನ್ನೆರಡಕ್ಕೆ ಹೋಗ್ತಾರೆ. ಆಗ ಎಲ್ಲರೂ ಸ್ನಾನ ಆಗಿ ಕೂತಿರ್ತಾರೆ, ಅಳಿಯಂದಿರ ಹಾಗೆ!"

ಮಾತು ಕೇಳಿಸಿ ಆದಿನಾರಾಯಣ ಬಂದ. ಬಿಚ್ಚಿದ ಪಟ್ಟಿ ನೋಡಿ ಅವನ ಕೈಮುಗಿಯುವ ಮುಖ ಮಾಯವಾಯಿತು.

"ಯಾರನ್ನು ಕೇಳಿ ಒಳಗೆ ಬಂದೆ?"

"ಮೂರು ಗಂಟೇನ ಕೇಳಿ."

"ಅವರು ಬಿದ್ದು ತಲೆ ಒಡೆದುಕೊಂಡರೆ ಯಾರು ಹೊಣೆ? ರೋಗಿ ಮಲಗಿರಬೇಕು, ಇಲ್ಲಿಯ ನಿಯಮ."

"ಎದೆ ಮ್ಯಾಲೆ ಒಂದು ರುಬ್ಬೋ ಗುಂಡು ಇಟ್ಕೊಂಡು ನೀವೊಂದು ಗಳಿಗೆ ಮಲಗಿ ಸ್ವಾಮಿ. ಆಮ್ಯಾಲೆ ನಿಯಮ ಓದಿ, ನಿಂತ್ಕೊಂಡು ಕೇಳ್ತೀನಿ."

"ನಿನ್ನ ಗಂಡನಿಗೆ ಇಲ್ಲಿ ಜಾಗ ಇಲ್ಲ. ನಡಿ."

ಆ ಮಾತು ಅವಳಿಗೆ ತಾಗದೆ ಇರಲಿಲ್ಲ. ಊರಲ್ಲಿ ಸಿಲಿಂಡರ್ ಇಲ್ಲ. ಅವನಿಗೆ ಉಳಿದಿರುವುದು ಕೆಲವೇ ದಿನ. ಇದು ಬಿಟ್ಟರೆ ಬೇರೆ ಮನೆಯಿಲ್ಲ. ಬಾಯಿ ಮುಚ್ಚಿಕೊಂಡರೆ ಮಂಚ ಸಿಕ್ಕೀತು, ಆದರೆ ಮಂಚದ ಕಂಬಿಗೆ ಅವನ ಕೈಯೂ ಸಿಕ್ಕೀತು. ಚೊಂಬು ಎತ್ತಿಕೊಂಡಳು.

"ಜಾಗ ಕೊಡಿ ಅಂತ ನಾನಿನ್ನೂ ಕೇಳೇ ಇಲ್ಲ. ಜಾಗ ಎಂಗೈತೆ ಅಂತ ನೋಡ್ತಾ ಇವ್ನಿ. ನೋಡೋದು ಇನ್ನೂ ಮುಗಿದಿಲ್ಲ."

ಶುಕ್ರವಾರ ಹತ್ತಕ್ಕೆ ಬಂಗಲೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬಿಳಿಗೂದಲ ಡಾಕ್ಟರಮ್ಮ ಬಂದೊಡನೆ ಎದ್ದುನಿಂತಳು.

"ತಾಯಿ, ನೀವು ಮೂರು ಗಂಟೆಗಂಟ ಇರ್ಬೇಕು."

ಆದಿನಾರಾಯಣ ಓಡಿಬಂದ. "ಈ ಹೆಂಗಸು ಬುಧವಾರ ನುಗ್ಗಿ ಗಲಾಟೆ ಮಾಡಿದ್ದಾಳೆ ಮೇಡಂ."

"ಮಾಡಿವ್ನಿ," ಎಂದಳು ಮುತ್ಯಾಲಮ್ಮ. "ಇವತ್ತೂ ಮಾಡ್ತೀನಿ. ನಿಮ್ಮನ್ನ ನೋಡ್ಕಂಡು ಇಂದ್ಗಡೆ ಕೋಣೆ ತಾತನ ಕೈ ಗಂಟು ಬಿಚ್ಚವ್ರೆ ತಾಯಿ, ಗಂಟಿನ ಗುರುತು ಎಲ್ಲಿಗೋದೀತು?"

ಡಾಕ್ಟರಮ್ಮ ಸೀದಾ ಹಿಂದಿನ ಕೋಣೆಗೆ ಹೋದರು. ಆರುಮುಗಂ ಕೂತಿದ್ದ, ಮಂಡಿಯ ಮೇಲೆ ಕೈ. ಮಣಿಕಟ್ಟಿನ ಸುತ್ತ ಕಂದು ಬಳೆಯಂತೆ ಗೆರೆ.

"ಇದು ಸಿಲಿಂಡರಿನ ಪೈಪು ಸುತ್ತಿಕೊಂಡು ಆಗಿದ್ದು," ಎಂದು ಬಾಗಿಲಾಚೆಯಿಂದ ಆದಿನಾರಾಯಣನ ದನಿ.

"ತಾಯಿ, ನೀವು ಮೂಲೇಲಿ ನನ್ನ ಪಕ್ಕ ನಿಂತ್ಕೊಳ್ಳಿ," ಎಂದಳು ಮುತ್ಯಾಲಮ್ಮ. "ಏನೂ ಮಾತಾಡ್ಬೇಡಿ. ಅವರು ಒಳಗ್ ಬರ್ಲಿ."

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಆದರೂ ನಿಂತರು. ಆದಿನಾರಾಯಣ ಒಳಗೆ ಕಾಲಿಟ್ಟ. ಅವನು ಏನೂ ಅನ್ನಲಿಲ್ಲ, ಮುಗುಳ್ನಗುತ್ತಲೇ ಬಂದ. ಆರುಮುಗಂ ಎರಡೂ ಕೈಗಳನ್ನು ಹೊದಿಕೆಯೊಳಗೆ ಎಳೆದುಕೊಂಡು, ತಾನಾಗಿಯೇ ಹಿಂದಕ್ಕೆ ಜಾರಿ ಅಂಗಾತ ಮಲಗಿದ. ಮಲಗಿದೊಡನೆ ಎದೆ ಗೊರಗೊರ ಎಂದಿತು.

ಡಾಕ್ಟರಮ್ಮ ಹೋಗಿ ಮುದುಕನನ್ನು ಎಬ್ಬಿಸಿ ಕೂರಿಸಿದರು.

"ನಾಲ್ಕು ವರ್ಷದಿಂದ ಬರ್ತಿದ್ದೀನಿ. ಒಂದು ಸಲವೂ ಮಧ್ಯಾಹ್ನ ಬರಲಿಲ್ಲ."

"ನಾನೂ ಒಂದ್ಸಲ ಗೋದ್ಲಿ ನೋಡಿ ಕಡಸು ಕೊಟ್ಟೆ ತಾಯಿ," ಎಂದಳು ಮುತ್ಯಾಲಮ್ಮ.

ಅಂದಿನಿಂದ ಹಿಂದಿನ ಕೋಣೆ ಮಾರಿಯಮ್ಮನ ಕೈಗೆ ಬಂತು. ಪಟ್ಟಿ ಕಟ್ಟುವುದು ನಿಂತಿತು. ಆದಿನಾರಾಯಣನಿಗೆ ಮುಂದಿನ ಕೋಣೆ, ಹೂದಾನಿ, ಪುಸ್ತಕ ಉಳಿದವು. ಡಾಕ್ಟರಮ್ಮ ಬರುವ ದಿನವನ್ನಾಗಲಿ ಹೊತ್ತನ್ನಾಗಲಿ ಯಾರಿಗೂ ತಿಳಿಸದೆ ಬರತೊಡಗಿದರು.

ಮುನಿಶಾಮಪ್ಪನನ್ನು ಕರೆದುಕೊಳ್ಳುತ್ತೇವೆ ಎಂದು ಅವರೇ ಹೇಳಿದಾಗ ಮುತ್ಯಾಲಮ್ಮ ತನ್ನ ಮಾತು ಮುಂದಿಟ್ಟಳು. ಕ್ಯಾನು ಜೊತೆಗೆ ಬರುತ್ತದೆ. ತಾನು ಹಿಂಬಾಗಿಲಿನಿಂದ, ಮನಸ್ಸಿಗೆ ಬಂದ ಹೊತ್ತಿಗೆ ಬರುವವಳು; ಯಾರೂ ತಡೆಯಬಾರದು. ಒಪ್ಪಿದರು. ಅಶ್ವತ್ಥಪ್ಪ ಕ್ಯಾನನ್ನು ತಲೆಯ ಮೇಲೆ ಹೊತ್ತು ಉರಿಗಾಂ ಸ್ಟೇಷನ್ನಿನಲ್ಲಿ ಇಳಿದಾಗ ಜನ ಹಾಲು ಬಂತೆಂದು ಪಾತ್ರೆ ಹಿಡಿದು ಬಂದರಂತೆ.

ಮುನಿಶಾಮಪ್ಪ ಅಲ್ಲಿ ಹತ್ತೊಂಬತ್ತು ದಿನ ಇದ್ದ. ಮೂಗಿಗೆ ನಳಿಗೆ, ಎದುರಿಗೆ ಕ್ಯಾನು. ಮಾರಿಯಮ್ಮ ಬೈದಾಗಲೆಲ್ಲ, "ಇವ್ಳು ಮೂರ್ನೇ ಎಂಡ್ರು, ಎಲ್ರಿಗಿಂತ ಜೋರು," ಎನ್ನುವನು. ಇಪ್ಪತ್ತನೆಯ ದಿನ ಬೆಳಿಗ್ಗೆ, ರಾಗಿ ಗಂಜಿ ಎರಡು ಚಮಚ ಕುಡಿದು, ಹಣೆಯನ್ನು ಗೋಣಿತಾಟಿಗೆ ಊರಿ, ಹಾಗೇ ಹೋದ. ಕೈಗಳು ಕ್ಯಾನನ್ನು ತಬ್ಬಿದ್ದವು. ಮಣಿಕಟ್ಟಿನಲ್ಲಿ ಒಂದು ಗೆರೆಯೂ ಇರಲಿಲ್ಲ. ಮುತ್ಯಾಲಮ್ಮ ಅಳುವ ಮೊದಲು ಬೆನ್ನು ನೋಡಿದಳು. ಚೊಕ್ಕಟವಾಗಿತ್ತು. ಆಮೇಲೆ ಅತ್ತಳು.

ಕ್ಯಾನನ್ನು ಆರುಮುಗಂಗೆ ಬಿಟ್ಟುಬಂದಳು. ಅವಳು ಹೋಗುವುದು ಮಾತ್ರ ನಿಲ್ಲಲಿಲ್ಲ. ತಿಂಗಳಿಗೆ ಒಂದು ಸಲವೋ ಎರಡು ಸಲವೋ, ಮೂರು ಗಂಟೆಗೆ, ಮಜ್ಜಿಗೆಯ ಚೊಂಬು ಹಿಡಿದು. ತೊಂಬತ್ತರ ಈಚೆಗೆ ಕಡಸು ಕೊಡುವವರಿಗಿಂತ ಅಪ್ಪನನ್ನೋ ಅಕ್ಕನನ್ನೋ ಅಲ್ಲಿಗೆ ಕಳಿಸಬೇಕಾದವರೇ ಅವಳ ಬಾಗಿಲಿಗೆ ಹೆಚ್ಚು ಬರುತ್ತಿದ್ದರು. "ಎಂಗೈತೆ ಅಕ್ಕ ಆ ಮನೆ?" ಎಂದು ಕೇಳಿದರೆ, "ಓದ್ವಾರ ಚೆನ್ನಾಗಿತ್ತು. ನಡಿ, ಇವತ್ತು ನೋಡ್ಕಂಡ್ ಬರಾನ," ಎಂದು ಸೆರಗು ಸಿಕ್ಕಿಸಿಕೊಳ್ಳುವಳು.

ಹೊರಡುವಾಗ ಆದಿನಾರಾಯಣ ಪ್ರತಿ ಸಲವೂ ಪುಸ್ತಕ ಹಿಡಿದು ನಿಲ್ಲುತ್ತಿದ್ದ. ಅವನ ಕೂದಲೂ ಬೆಳ್ಳಗಾಗಿತ್ತು. "ಇಷ್ಟು ವರ್ಷ ಆಯ್ತಲ್ಲ ತಾಯಿ, ಈಗಲಾದರೂ ಒಂದು ಹೆಬ್ಬೆಟ್ಟು."

"ಒತ್ಬುಟ್ರೆ ನೀವು ನಿದ್ದೆ ಮಾಡ್ತೀರ," ಎಂದು ಹೇಳಿ ಮುತ್ಯಾಲಮ್ಮ ಹಿಂಬಾಗಿಲಿನಿಂದಲೇ ರೈಲಿಗೆ ನಡೆಯುತ್ತಿದ್ದಳು.